ರೈಲಿನಲ್ಲಿ ಸಿಕ್ಕ ಓರಗೆಯವನು

ಅಮೆರಿಕದಲ್ಲಿ, ಸಂಜೆ ಬೆರ್ರಿಯೆಸಾ ಊರಿನ ಕಡೆ ಹೋಗುವ ರೈಲು ಕಿಕ್ಕಿರಿದಿತ್ತು. ಕಂಬ ಹಿಡಿದು ನಿಂತು, "ಥೂ, ಏನು ಜನವಪ್ಪ" ಎಂದು ಗೊಣಗಿದೆ. ಎದುರಿಗೆ ಕೂತಿದ್ದವನು ತಟ್ಟನೆ ಎದ್ದ. ತಲೆಗೆ ಕಪ್ಪು ಬಣ್ಣ, ಕಾಲಿಗೆ ಓಡುವವರ ಬೂಟು.

"ನಮ್ಮ ಕಡೆಯವರಾ? ನೀವು ಹಿರಿಯರು, ಕೂತ್ಕೊಳ್ಳಿ ಸಾರ್."

ಅವನ ಕುತ್ತಿಗೆಯ ಸುಕ್ಕು ನೋಡಿದೆ. "ನಾವಿಬ್ಬರೂ ಓರಗೆಯವರೇ. ನೀವೇ ಕೂತ್ಕೊಳ್ಳಿ" ಎಂದೆ.

"ಎಲ್ಲಿಯ ಓರಗೆ ಸಾರ್! ನೀವು ನಮ್ಮ ದೊಡ್ಡಪ್ಪನ ಓರಗೆ ಇರಬೇಕು."

ಸೀಟು ಹೋದರೆ ಹೋಗಲಿ, ಈ ಮಾತನ್ನು ಬಿಡುವಂತಿರಲಿಲ್ಲ. ಹುಟ್ಟಿದ ವರ್ಷ ಕೇಳಿ ಪ್ರಯೋಜನವಿಲ್ಲ. ನಮ್ಮ ಕಾಲದಲ್ಲಿ ಅದನ್ನು ಮೇಷ್ಟ್ರು ತಮಗೆ ತೋಚಿದಂತೆ ಬರೆಯುತ್ತಿದ್ದರು. ಅದಕ್ಕೇ ನಮ್ಮ ಓರಗೆಯವರಿಗಷ್ಟೇ ಗೊತ್ತಿರುವುದನ್ನು ಕೇಳಿದೆ.

"ಸ್ಕೂಲಲ್ಲಿ ಅಮೆರಿಕದ ಹಾಲಿನ ಪುಡಿ ಕದಡಿ ಕೊಡ್ತಿದ್ರಲ್ಲ, ಕುಡಿದಿದ್ದೀರಾ?"

"ಕುಡಿಯೋದೇನು ಬಂತು! ಕದ್ದು ಒಣಪುಡೀನೇ ಮುಕ್ತಿದ್ವಿ. ಅಂಗುಳಿಗೆ ಅಂಟ್ಕೊಂಡು..." ಅಷ್ಟಕ್ಕೇ ನಿಲ್ಲಿಸಿದ. ಸಿಕ್ಕಿಬಿದ್ದಿದ್ದ.

ನಮ್ಮೂರ ಕಡೆ ಓರಗೆಯವರಿಗೆ ಬಹುವಚನವಿಲ್ಲ. "ಕೂತ್ಕೊಳೋ" ಎಂದೆ.

"ನೀನೇ ಕೂತ್ಕೊಳೋ, ಮುದುಕ" ಎಂದ.

ಈ ಊರಲ್ಲಿ ಎಲ್ಲರಿಗೂ ನಾನು ಅಂಕಲ್ಲು. ಒಬ್ಬ ನನಗೆ ಏಕವಚನ ಹಾಕಿ ಎಷ್ಟೋ ಕಾಲವಾಗಿತ್ತು. ಆ ಖುಷಿಗೆ ಇನ್ನೆರಡು ಸಲ ಬೈಸಿಕೊಂಡೆ, ನಾನೂ ಬೈದೆ. ಇಬ್ಬರೂ ಕೂರಲಿಲ್ಲ.

ನಮ್ಮ ಜಗಳ ನೋಡಿ ಪಕ್ಕದ ಸೀಟಿನ ಅಮೆರಿಕದ ಹುಡುಗಿಯೂ ಎದ್ದು, ಎರಡೂ ಸೀಟು ತೋರಿಸಿದಳು. ಅವಳಿಗೆ ಕನ್ನಡ ಬಾರದು. ಆದರೂ ಓರಗೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.