ಶೋವ್ಡೆಯ ಗೋಡೆಯ ಮೇಲೆ ಬೊಲೊನ್ಯಾ

ಪರದೆ ಸರಿಸಿದರೂ ಕೋಣೆಗೆ ಬೆಳಕು ಬರುವುದಿಲ್ಲ. ಸ್ವೀಡನ್ನಿನ ಶೋವ್ಡೆಯಲ್ಲಿ ಜನವರಿಯ ಬೆಳಗು ಎಂದರೆ ಗಡಿಯಾರದಲ್ಲಷ್ಟೇ. ಹೊರಗೆ ಹಿಮದ ಮೇಲೆ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ನೀಲಿ ಸಮವಸ್ತ್ರದ ಮಧುಶ್ರೀ ಮಂಚದ ಪಕ್ಕ ಮಂಡಿಯೂರಿ ಪಿಯೆರಾ ಎಂಬ ವೃದ್ಧೆಯ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಾರೆ. ಕಣ್ಣು ಬಿಟ್ಟ ಪಿಯೆರಾ ಗಾಬರಿಯಿಂದ ಏನೋ ಕೇಳುತ್ತಾರೆ. ಮಧುಶ್ರೀ ತಡವರಿಸುವ ಇಟಾಲಿಯನ್‌ನಲ್ಲಿ ಮೆಲ್ಲಗೆ ಉತ್ತರಿಸುತ್ತಾರೆ. ವೃದ್ಧೆಯ ಬಿಗಿದ ಭುಜ ಸಡಿಲಾಗುತ್ತದೆ. ಇನ್ನೊಂದು ಕಾಲನ್ನು ತಾವೇ ಮುಂದೆ ಚಾಚುತ್ತಾರೆ.

“ಇವತ್ತೂ ಮುಷ್ಕರನಾ ಅಂತ ಕೇಳಿದ್ರು,” ಎಂದು ಮಧುಶ್ರೀ ಹೊರಗೆ ಬಂದ ಮೇಲೆ ನನಗೆ ಹೇಳುತ್ತಾರೆ. “ಇವರದು ಟುರಿನ್. ಯುದ್ಧದ ಟೈಮಲ್ಲಿ, ಮುಸೊಲಿನಿ ಇನ್ನೂ ಅಧಿಕಾರದಲ್ಲಿದ್ದಾಗ್ಲೇ ಅಲ್ಲಿ ಫ್ಯಾಕ್ಟರಿ ಜನ ಮಷೀನ್ ನಿಲ್ಲಿಸಿದ್ರು. ಇವರ ಅಮ್ಮನೂ ಅದರಲ್ಲಿದ್ರು. ಅಮ್ಮ ವಾಪಸ್ ಬರ್ತಾರೋ ಇಲ್ವೋ ಅನ್ನೋ ಭಯ ಇನ್ನೂ ಹೋಗಿಲ್ಲ ನೋಡ್ರಿ. ಮುಷ್ಕರ ಇಲ್ಲ, ಅಮ್ಮ ಸಂಜೆ ಬರ್ತಾರೆ ಅಂದೆ. ಅಷ್ಟೇ.”

ಮಧುಶ್ರೀ ಇಲ್ಲಿನ ಕೊಮ್ಯೂನ್, ಅಂದರೆ ನಗರಾಡಳಿತ ನಡೆಸುವ ವೃದ್ಧರ ಆರೈಕೆ ಮನೆಯಲ್ಲಿ ಸಹಾಯಕಿ. ಮರೆವಿನ ಕಾಯಿಲೆಯವರಿಗಾಗಿಯೇ ಇರುವ ಜಾಗ. ಬೆಳಗಿನ ಪಾಳಿಯಲ್ಲಿ ಎಂಟು ಮಂದಿ ಅವರ ಪಾಲಿಗೆ ಬರುತ್ತಾರೆ. ಎಬ್ಬಿಸುವುದು, ಶೌಚ, ಸ್ನಾನ, ಉಡುಪು, ತಿಂಡಿ, ಮಾತ್ರೆ. ಆಮೇಲೆ ಫೀಕಾ, ಸ್ವೀಡನ್ನಿನವರು ಯಾವ ಕೆಲಸವನ್ನಾದರೂ ನಿಲ್ಲಿಸಿ ಕೂರುವ ಕಾಫಿ ವೇಳೆ. ಅದಾದ ಕೂಡಲೇ ಎಲ್ಲವೂ ಮತ್ತೆ ಮೊದಲಿನಿಂದ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಅವರು ಕೆಲಸಕ್ಕೆ ಇಳಿಯುವುದಿಲ್ಲ.

ಹುಟ್ಟಿ ಬೆಳೆದದ್ದು ಗದಗದಲ್ಲಿ. ಅಲ್ಲಿನ ಮುದ್ರಣಾಲಯವೊಂದರಲ್ಲಿ ಡಿಟಿಪಿ ಮಾಡುತ್ತಿದ್ದರು. ಲಗ್ನಪತ್ರಿಕೆಯಿಂದ ನಾಟಕ ಕಂಪನಿಯ ಪೋಸ್ಟರಿನವರೆಗೆ ಎಲ್ಲ ಕೈಯಲ್ಲಿ ಹಾದುಹೋಗಿತ್ತು. ಪತಿ ಸೋಮಶೇಖರ ಸಂಶೋಧನೆಗೆಂದು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದಾಗ ಜತೆಗೆ ಬಂದರು. ಮಗಳು ಕೃತಿ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಹೋಗತೊಡಗಿದ ಮೇಲೆ ಮನೆ ಖಾಲಿಯೆನಿಸಿತು. ಸ್ವೀಡಿಷ್ ಕಲಿತು, ಆರೈಕೆಯ ತರಬೇತಿ ಮುಗಿಸಿ ಈ ಕೆಲಸ ಹಿಡಿದರು. ಕನ್ನಡಿಗರ ಕೂಟಗಳಲ್ಲಿ ಎಲ್ಲರೂ ಆಫೀಸು, ಪ್ರಾಜೆಕ್ಟ್ ಎನ್ನುವಾಗ ಇವರ ಸರದಿ ಬರುತ್ತದೆ. “ಕೇರ್ ಹೋಮ್ ಅಂದ ತಕ್ಷಣ ‘ಓ, ಹೌದಾ’ ಅಂತಾರೆ. ಆಮೇಲೆ ಊಟದ ವಿಷಯ ಶುರುವಾಗತ್ತೆ. ಬೇಜಾರಿಲ್ಲ. ಅವರಿಗೂ ಏನು ಕೇಳ್ಬೇಕು ಅಂತ ಗೊತ್ತಾಗಲ್ಲ.”

ಈ ಮನೆಯಲ್ಲಿ ಇಟಲಿಯಿಂದ ಬಂದ ಮೂವರಿದ್ದರು. ಯುದ್ಧ ಮುಗಿದ ಮೇಲೆ ಸ್ವೀಡನ್ನಿನ ಕಾರ್ಖಾನೆಗಳಿಗೆ ಆಳು ಸಾಲದೆ ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಂಡ ಕಾಲದವರು. ಬದುಕೆಲ್ಲ ಸ್ವೀಡಿಷ್‌ನಲ್ಲೇ ಕಳೆದವರಿಗೆ ಮರೆವು ಹತ್ತಿದಾಗ ಮೊದಲು ಜಾರಿದ್ದು ಕಲಿತ ಭಾಷೆ. ಸಿಬ್ಬಂದಿಯ ಮಾತು ಅವರಿಗೆ ತಿಳಿಯದು, ಅವರದು ಸಿಬ್ಬಂದಿಗೆ ತಿಳಿಯದು. ಇಟಲಿಯ ಹಾಡು ಹಾಕಿದರು, ಇಟಲಿಯ ಧ್ವಜ ಇಟ್ಟರು. ಯಾರೂ ತಲೆಯೆತ್ತಿ ನೋಡಲಿಲ್ಲ.

“ನಮ್ಮಲ್ಲಿ ಯಾರಾದ್ರೂ ಸಿಕ್ಕಿದ್ರೆ ಮೊದಲು ಕೇಳೋದು ನಿಮ್ಮದು ಯಾವ ಊರು ಅಂತ ತಾನೆ? ನಾನೂ ಅದನ್ನೇ ಕೇಳಿದೆ,” ಎನ್ನುತ್ತಾರೆ ಮಧುಶ್ರೀ. ಆ ಒಂದು ವಾಕ್ಯವನ್ನು ಫೋನಿನಿಂದ ಕಲಿತು ಕೇಳಿದಾಗ ಮೂರು ಮುಖಗಳೂ ಅರಳಿದವು. ಇಟಲಿ ಒಂದು ದೇಶವಾಗಿ ಇನ್ನೂರು ವರ್ಷವೂ ಆಗಿಲ್ಲ. ಊರುಗಳು ಅದಕ್ಕಿಂತ ಎಷ್ಟೋ ಹಳೆಯವು. ಪಿಯೆರಾ ಟುರಿನ್ನಿನವರು, ಒಂದಾದ ಇಟಲಿಗೆ ಮೊದಲ ರಾಜಧಾನಿ ತಮ್ಮೂರು, ಅದನ್ನು ಕಿತ್ತುಕೊಂಡರು ಎಂಬ ಸಿಟ್ಟು ಅವರಿಗೆ ನಿನ್ನೆಯದೆಂಬಷ್ಟು ತಾಜಾ. ದಾರಿಯೊ ತ್ರಿಯೆಸ್ತೆ ಬಂದರಿನವರು; ಅವರ ಬಾಲ್ಯದಲ್ಲಿ ಮನೆ ಅಲ್ಲೇ ಇದ್ದರೂ ಇಟಲಿ, ಜರ್ಮನಿ, ಯುಗೊಸ್ಲಾವಿಯಾ, ಇಂಗ್ಲಿಷ್ ಮತ್ತು ಅಮೆರಿಕನ್ ಸೈನ್ಯ ಎಂದು ಧ್ವಜ ಬದಲಾಗುತ್ತಲೇ ಇತ್ತು. ಧ್ವಜ ಕಂಡರೆ ಅವರು ಮುಖ ತಿರುಗಿಸುವುದೇಕೆಂದು ಆಗ ಅರ್ಥವಾಯಿತು. ಮಧುಶ್ರೀ ರಜೆಯ ದಿನ ಗ್ರಂಥಾಲಯಕ್ಕೆ ಹೋಗಿ ಆ ಊರುಗಳ ಚಿತ್ರದ ಪುಸ್ತಕ ತಂದರು, ನಿಧಾನವಾಗಿ ಓದಿದರು.

ಮೂರನೆಯವರು ಎಲ್ವಿಯೊ. ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಬೊಲೊನ್ಯಾ ನಗರದವರು. ಅವರದೊಂದು ಕಷ್ಟವಿತ್ತು. ಪ್ರತಿ ಬೆಳಿಗ್ಗೆ ಎದ್ದು ನಡುಮನೆಯ ಖಾಲಿ ಗೋಡೆಯ ಹತ್ತಿರ ಹೋಗಿ ಎರಡೂ ಅಂಗೈ ಊರಿ ಒತ್ತಿ ನಿಲ್ಲುತ್ತಿದ್ದರು. ತಿಂಡಿಗೆ ಕರೆದರೆ ಬರುವುದಿಲ್ಲ. ಕೈ ಹಿಡಿದು ಎಳೆದರೆ “ಕಾದೆ, ಕಾದೆ” ಎಂದು ಅಳುತ್ತಿದ್ದರು.

“ನನಗೆ ಮೊದಲ ದಿನ ಅದು ಕನ್ನಡ ಅನ್ನಿಸ್ತು,” ಎನ್ನುವಾಗ ಮಧುಶ್ರೀ ನಗುವುದಿಲ್ಲ. “ಯಾರಿಗೆ ಕಾದ್ರಿ ಅಜ್ಜಾ ಅಂತ ಕೇಳೇಬಿಟ್ಟೆ.”

ಫೋನಿನ ಅನುವಾದದಲ್ಲಿ ಸಿಕ್ಕ ಅರ್ಥ ‘ಬೀಳುತ್ತೆ’ ಎಂದು. ಅಜ್ಜನಿಗೆ ಬೀಳುವ ಹೆದರಿಕೆ ಎಂದು ಎಲ್ಲರೂ ತಿಳಿದರು. ಬೆಲ್ಟ್ ಇರುವ ಕುರ್ಚಿ ತರಿಸಿ ವೈದ್ಯರ ಒಪ್ಪಿಗೆಯಿಂದಲೇ ಅದರಲ್ಲಿ ಕೂರಿಸಿದರು. ಅಳು ಹೆಚ್ಚಾಯಿತು. ಒಂದು ದಿನ ಬಿಡಿಸಿಕೊಳ್ಳಲು ಹೋಗಿ ಸಹಾಯಕಿಯೊಬ್ಬರ ಮುಖಕ್ಕೆ ಹೊಡೆದರು. ಅವರನ್ನು ಬೇರೆ ಊರಿನ ಬೀಗ ಹಾಕುವ ವಿಭಾಗಕ್ಕೆ ಕಳಿಸುವ ಮಾತು ಶುರುವಾಯಿತು.

ಬೊಲೊನ್ಯಾದ ಪುಸ್ತಕದಲ್ಲಿ ಆ ವಾರವೇ ಮಧುಶ್ರೀಗೆ ಒಂದು ಚಿತ್ರ ಕಂಡಿತು. ಊರ ನಡುವಿನ ಚೌಕದಲ್ಲಿ ಒಂದು ಗೋಡೆ. ತಳದಿಂದ ಎತ್ತರದವರೆಗೂ ಸಣ್ಣ ಸಣ್ಣ ಫೋಟೊಗಳು. ಯುದ್ಧದ ಕೊನೆಯ ವರ್ಷಗಳಲ್ಲಿ ಫ್ಯಾಸಿಸ್ಟರು ತಮ್ಮನ್ನು ಎದುರಿಸಿದವರನ್ನು ಆ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ್ದರು. 1945ರ ಏಪ್ರಿಲ್‌ನಲ್ಲಿ ನಗರ ಬಿಡುಗಡೆಯಾದಾಗ ಊರಿನ ಹೆಂಗಸರು ಸತ್ತ ಮಕ್ಕಳ, ಗಂಡಂದಿರ ಫೋಟೊ ತಂದು ಅದೇ ಗೋಡೆಗೆ ಹಚ್ಚಿದರು. ಯಾರೂ ಹೇಳಿರಲಿಲ್ಲ, ಒಬ್ಬರನ್ನು ನೋಡಿ ಇನ್ನೊಬ್ಬರು ತಂದರು.

ಮರುದಿನ ಬೆಳಿಗ್ಗೆ ಮಧುಶ್ರೀ ಎಲ್ವಿಯೊರನ್ನು ಎಳೆಯಲಿಲ್ಲ. ಪಕ್ಕದಲ್ಲಿ ನಿಂತು ತಾವೂ ಗೋಡೆಗೆ ಅಂಗೈ ಊರಿದರು. ಆಮೇಲೆ ಫೋನಿನ ಅನುವಾದ ತೆರೆದಿಟ್ಟುಕೊಂಡು ಇಟಾಲಿಯನ್‌ನಲ್ಲಿ ಕೇಳಿದರು, ಇದು ಯಾರು?

“ಜೆಮ್ಮಾ ಅಂದ್ರು. ನನ್ನಕ್ಕ ಅಂದ್ರು. ಅಮ್ಮನ ಹತ್ರ ಮೊಳೆ ಇರಲಿಲ್ಲ, ಹಿಟ್ಟಿನ ಅಂಟು ಹಚ್ಚಿದಾಳೆ, ಹಸಿ ಇದೆ, ಕೈ ಬಿಟ್ರೆ ಜೆಮ್ಮಾ ಬೀಳ್ತಾಳೆ ಅಂದ್ರು. ಅವರು ಬೀಳೋದಲ್ಲ ರೀ. ಅಕ್ಕ ಬೀಳೋದು.”

ಜೆಮ್ಮಾ ಸೈಕಲ್ಲಿನಲ್ಲಿ ಪ್ರತಿರೋಧದ ಹೋರಾಟಗಾರರಿಗೆ ಸುದ್ದಿ ಮುಟ್ಟಿಸುತ್ತಿದ್ದ ಹುಡುಗಿ. ಸಿಕ್ಕಿಬಿದ್ದಳು, ಗುಂಡಿಗೆ ಬಲಿಯಾದಳು. ಎಲ್ವಿಯೊಗೆ ಆಗ ಎಂಟು ವರ್ಷ. ಇಷ್ಟನ್ನೂ ಅವರು ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಗೊಥೆನ್‌ಬರ್ಗಿನಿಂದ ಬಂದ ಮಗಳು ಲೌರಾ ಇದನ್ನು ಕೇಳಿ ಮನೆಯ ಹಳೆ ಆಲ್ಬಂ ಹುಡುಕಿ ತಂದರಂತೆ. ಅದರಲ್ಲಿ ಸೈಕಲ್ ಹಿಡಿದು ನಿಂತ ಹುಡುಗಿಯ ಫೋಟೊ ಇತ್ತು. ಯಾರೋ ನೆಂಟರಿರಬೇಕೆಂದು ಅವರು ಎಂದೂ ಕೇಳಿರಲಿಲ್ಲ.

ನಡುಮನೆಯ ಗೋಡೆಗೆ ಏನನ್ನೂ ಹಚ್ಚಬಾರದೆಂಬ ನಿಯಮವಿತ್ತು. ಮೇಲ್ವಿಚಾರಕಿ ಗುನ್‌ವೋರ್ ಎಲ್ಲ ಕೇಳಿಸಿಕೊಂಡು, “ಹಚ್ಚಿ. ನಿಯಮದ ಜತೆ ನಾನು ಮಾತಾಡ್ತೀನಿ,” ಎಂದರು. ಮಧುಶ್ರೀ ಫೋಟೊವನ್ನು ದೊಡ್ಡದಾಗಿ ಮುದ್ರಿಸಿದರು. ಟೇಪು ಬೇಡವೆಂದು ಅಡುಗೆಮನೆಯಲ್ಲಿ ಮೈದಾಹಿಟ್ಟು ಕುದಿಸಿದರು. ಗದಗದಲ್ಲಿ ಪೋಸ್ಟರಿಗೆ ಕಾಯಿಸುತ್ತಿದ್ದ ಅಂಟು. ಗಂಟಾಗದಂತೆ ತಿರುವುವುದನ್ನು ಕೈ ಮರೆತಿರಲಿಲ್ಲ. ಎಲ್ವಿಯೊ ಬಟ್ಟಲು ಹಿಡಿದು ನಿಂತರು. ಹಚ್ಚಿದ ಮೇಲೆ ಅಂಗೈಯಿಂದ ತಾವೇ ಒತ್ತಿದರು. ಅಂಟು ಒಣಗಿದೆ ಎಂದು ಮಧುಶ್ರೀ ಹೇಳಿದಾಗ ಕೈ ತೆಗೆದರು. ಫೋಟೊ ಬೀಳಲಿಲ್ಲ.

ಮರೆವು ವಾಸಿಯಾಗಲಿಲ್ಲ, ಅದು ಆಗುವಂಥದ್ದೂ ಅಲ್ಲ. ಬೆಳಿಗ್ಗೆ ಗೋಡೆಯ ಹತ್ತಿರ ಹೋಗುವುದೂ ನಿಲ್ಲಲಿಲ್ಲ. ಆದರೆ ಮುಟ್ಟಿ ನೋಡಿ, ಸಮಾಧಾನದಿಂದ ತಿಂಡಿಗೆ ಬರುತ್ತಿದ್ದರು. ಬೆಲ್ಟಿನ ಕುರ್ಚಿ ಉಗ್ರಾಣ ಸೇರಿತು. ಬೇರೆ ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಎಲ್ವಿಯೊ ತಮ್ಮದೇ ಕೋಣೆಯಲ್ಲಿ, ಮಗಳ ಕೈ ಹಿಡಿದು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದ ಮಧುಶ್ರೀಯನ್ನು ಲೌರಾ ಎದ್ದು ಬಂದು ಕರೆದೊಯ್ದು ಮನೆಯವರ ಸಾಲಿನಲ್ಲಿ ಕೂರಿಸಿದರು.

ಈಗ ಬೇರೆ ಆರೈಕೆ ಮನೆಗಳವರೂ ಮಧುಶ್ರೀಯನ್ನು ಕರೆದು ಕೇಳುತ್ತಾರೆ. ಭಾಷಣ ಅವರಿಗೆ ಒಗ್ಗುವುದಿಲ್ಲ. “ನಾನೇನೂ ಕಂಡುಹಿಡಿಲಿಲ್ಲ. ಪಕ್ಕದಲ್ಲಿ ನಿಂತೆ, ಅವರೇ ಹೇಳಿದ್ರು,” ಎಂದಷ್ಟೇ ಹೇಳುತ್ತಾರೆ. ಇಟಲಿಯನ್ನು ಅವರು ಇನ್ನೂ ನೋಡಿಲ್ಲ. ರಜೆ ಸಿಕ್ಕರೆ ಗದಗ, ಗದಗದಲ್ಲಿ ತಾಯಿ. ಆಸೆ ಇಲ್ಲವೇ ಎಂದರೆ, ಇದೆ ಎನ್ನುತ್ತಾರೆ.

“ಬೊಲೊನ್ಯಾದಲ್ಲಿ ಬೀದಿ ಉದ್ದಕ್ಕೂ ಕಮಾನಿನ ಮೊಗಸಾಲೆ ಇದ್ಯಂತೆ. ಮಳೆ ಬಂದ್ರೂ ನಮ್ಮೂರವರು ಛತ್ರಿ ಹಿಡಿಯಲ್ಲ ಅಂತಿದ್ರು ಎಲ್ವಿಯೊ. ಒಂದ್ಸಲ ಅದರ ಕೆಳಗೆ ನಡೀಬೇಕು, ಮಳೆ ಇರೋ ದಿನಾನೇ. ನೀವು ಯಾಕೆ ಬಂದ್ರಿ ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ, ನಮ್ಮವರೊಬ್ಬರು ಇಲ್ಲಿಯವರು ಅಂತೀನಿ.”