ಕೆಂಪು ಪಟ್ಟಿ ಬಿದ್ದ ಹುಣಸೆ

ಮುರಳೀಧರ ಮೇಷ್ಟ್ರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಿವೃತ್ತರಾದ ಮೇಲೆ ಅವರಿಗೆ ಮರಗಳ ಮೂಲ ಕೆದಕುವ ಹುಚ್ಚು ಹಿಡಿಯಿತು. ಬಿಳಿಗೆರೆಯಿಂದ ನಮ್ಮೂರಿಗೆ ಬರುವ ರಸ್ತೆಯುದ್ದಕ್ಕೂ ಡಬ್ಬಿ, ಬ್ರಷ್ ಹಿಡಿದು ಹೊರಟರು. ಹೊಂಗೆ, ಬೇವು, ಹಿಪ್ಪೆ ಈ ನೆಲದವು, ಅವಕ್ಕೆ ಬಿಳಿ ಪಟ್ಟಿ. ಹೊರಗಿನಿಂದ ಬಂದವಕ್ಕೆ ಕೆಂಪು.

ಮಹದೇವಮ್ಮನ ಮನೆಯೆದುರು, ರಸ್ತೆಯಂಚಿನಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಗಂಡ ಸತ್ತ ಮೇಲೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಅದರಿಂದಲೇ. ಚಿಗುರು ಕಿತ್ತು ಮಾರುತ್ತಿದ್ದಳು, ಹಣ್ಣು ಬಡಿದು ಬೀಜ ತೆಗೆದು ನಂಜನಗೂಡಿಗೆ ಹೊರುತ್ತಿದ್ದಳು. ಆ ಬೀಜವನ್ನೂ ಬಿಡುತ್ತಿರಲಿಲ್ಲ, ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿ ಕಾಯಿಸಲು ಒಯ್ಯುತ್ತಿದ್ದರು. ಊರಲ್ಲಿ ಯಾರ ಕಾಲು ಉಳುಕಿದರೂ ಸೊಪ್ಪು ಬೇಯಿಸಿ ಕಟ್ಟುವವಳು ಅವಳೇ. ಬಾಯಿ ಮಾತ್ರ ಹುಣಸೆಗಿಂತ ಹುಳಿ.

ನಮ್ಮ ಕಡೆ ರಸ್ತೆಬದಿಯ ಮರಕ್ಕೆ ಕೆಂಪು ಬಿತ್ತೆಂದರೆ ಅದು ಕಡಿಯುವ ಗುರುತು. ಮಕ್ಕಳಿಗೂ ಗೊತ್ತು. ಮೇಷ್ಟ್ರಿಗೆ ಗೊತ್ತಿರಲಿಲ್ಲ.

“ಕೆಂಪು ಬಳೀಬ್ಯಾಡಿ ಮೇಷ್ಟ್ರೇ, ಗರಗಸದೋರು ಬತ್ತಾರೆ,” ಎಂದಳು ಮಹದೇವಮ್ಮ.

“ಹುಣಸೆ ಆಫ್ರಿಕಾದ್ದಮ್ಮ. ನಮ್ಮ ಮರ ಅಲ್ಲ.”

“ಯಾವಾಗ ಬಂತು?”

“ಸಾವಿರಾರು ವರ್ಷದ ಹಿಂದೆ.”

“ನಾನು ಈ ಊರ್ಗೆ ಬಂದು ನಲ್ವತ್ತೇ ವರ್ಸ. ನಂಗೂ ಬಳೀರಿ!”

ಮೇಷ್ಟ್ರು ನಕ್ಕು, ಮರದ ಸುತ್ತಲೂ ಅಚ್ಚುಕಟ್ಟಾಗಿ ಕೆಂಪು ಬಳಿದರು. ನಾನು ಅಲ್ಲೇ ನಿಂತಿದ್ದೆ. ಅವರ ಹಳೆಯ ಶಿಷ್ಯ ನಾನು, ಎದುರಾಡಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಕಾಯಿ ಹಣ್ಣಾಗುತ್ತಿದ್ದ ಹೊತ್ತಿಗೆ ರಸ್ತೆ ಅಗಲ ಮಾಡುವವರು ಬಂದರು. ಕೆಂಪು ಕಂಡದ್ದನ್ನೆಲ್ಲ ಉರುಳಿಸಿದರು. ಮಹದೇವಮ್ಮ ನಂಜನಗೂಡಿನಿಂದ ಬರುವಷ್ಟರಲ್ಲಿ ಮರ ಕಾಯಿ ಸಮೇತ ಅಡ್ಡ ಬಿದ್ದಿತ್ತು. “ಗುರ್ತು ಇತ್ತಲ್ಲಮ್ಮೋ,” ಎಂದ ಕಂಟ್ರಾಕ್ಟರನ ಆಳು. ಬುಡವನ್ನು ಮಾಂಸದಂಗಡಿಯ ಗುರು ಒಯ್ದ, ಮಾಂಸ ಕಡಿಯುವ ಕೊರಡಿಗೆ ಹುಣಸೆಯಷ್ಟು ಗಟ್ಟಿ ಬೇರೆ ಮರವಿಲ್ಲವೆಂದು.

ಭಾನುವಾರ ಮಹದೇವಮ್ಮ ಆ ಬುಡದಿಂದ ಕೊಯ್ದ ಹೊಸ ಕೊರಡೊಂದನ್ನು ಅಂಗಡಿಯ ಗುರುವಿನಿಂದ ಕೇಳಿ ತಂದು, ತಲೆ ಮೇಲೆ ಹೊತ್ತು ಮೇಷ್ಟ್ರ ಜಗಲಿಗೆ ದೊಪ್ಪೆಂದು ಹಾಕಿದಳು. ಊರೇ ನೋಡುತ್ತಿತ್ತು.

“ಅಯ್ಯೋ, ಮಾಂಸದ ಕೊರಡು! ಮಡಿ ಮನೆ ಕಣಮ್ಮ, ತೆಗೆದುಕೊಂಡು ಹೋಗು,” ಎಂದರು ಮೇಷ್ಟ್ರು.

“ಇದ್ರ ಮ್ಯಾಲೆ ಇನ್ನೂ ಕುರಿ ಕಡ್ದಿಲ್ಲ. ನನ್ನ ಒಟ್ಟೆ ಮ್ಯಾಲೆ ಒಡ್ದು, ಈಗ ಮಡಿ ಅಂತೀರಾ?”

ಮೇಷ್ಟ್ರು ಬಾಗಿಲು ಹಾಕಿಕೊಂಡರು. 

ಮರುವಾರ ಮಹದೇವಮ್ಮ ಅದೇ ರಸ್ತೆ ಕೆಲಸಕ್ಕೆ ಜಲ್ಲಿ ಹೊರಲು ಸೇರಿದಳು. ಮಧ್ಯಾಹ್ನ ಬುತ್ತಿ ಬಿಚ್ಚಲು ತನ್ನ ಮನೆಯ ಮುಂದೆಯೇ ನೆರಳು ಹುಡುಕಿದಳು.