ಬ್ರೇಕಿಗೆ ಸುತ್ತಿದ ತಂತಿ

ಮುನಿಯಣ್ಣ, ಮರ ಕೊಯ್ಯುವ ಯಂತ್ರದ ಬ್ರೇಕಿಗೆ ತಂತಿ ಸುತ್ತಿದ್ದವನು ನಾನು. ನಿನ್ನ ಎಡಗೈ ಹೋದದ್ದು ನಿನ್ನ ತಪ್ಪಿನಿಂದಲ್ಲ. ಆರು ವರ್ಷದಿಂದ ಇದನ್ನು ಹೇಳಲು ಬಾಯಿ ತೆರೆದಿದ್ದೇನೆ, ಮುಚ್ಚಿದ್ದೇನೆ —

ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು. ಅಲ್ಲಿ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಬೆರಳು ಉಳಿಯಲಿ ಎಂದು. ಕೆಲಸ ಬೇಗ ಸಾಗಲೆಂದು ನಾವು ಒಂದು ಗುಂಡಿಗೆ ತಂತಿ ಬಿಗಿದುಬಿಡುತ್ತಿದ್ದೆವು. ಅದನ್ನೇ ಜಾಣತನ ಅಂದುಕೊಂಡು, ಕೆಲಸ ಬಿಟ್ಟು ಕಾಡುಗೋಡಿ ಆಚೆಯ ನಮ್ಮೂರಿಗೆ ಬಂದೆ.

ಹಿತ್ತಲ ನೀಲಗಿರಿ ತೆಗೆಯಲು ಹಳೆಯ ಗರಗಸದ ಯಂತ್ರ ಕೊಂಡೆ. ಬಿಚ್ಚಿ ಜೋಡಿಸಿ, ಕಾರ್ಬುರೇಟರ್ ತೊಳೆದು, ಚೈನಿನ ಹಲ್ಲಿಗೆ ಅರ ಹಾಕಿ ರಿಪೇರಿ ಕಲಿತೆ. ಪಕ್ಕದ ಮನೆಯ ನಿನಗೂ ಕಲಿಸಿದೆ — ಬೀಳುವ ಕಡೆ ಮೊದಲು ಕಚ್ಚು ಹಾಕು, ಗರಗಸದ ತುದಿಯನ್ನು ಯಾವುದಕ್ಕೂ ತಾಗಿಸಬೇಡ. ಮೇಷ್ಟ್ರಾಗುವ ಹುಚ್ಚು ನನಗೆ. ಆದರೆ ಬ್ರೇಕ್ ಸುಮ್ಮಸುಮ್ಮನೆ ಹಿಡಿದುಕೊಳ್ಳುತ್ತಿತ್ತು. ಅದನ್ನು ರಿಪೇರಿ ಮಾಡುವ ಬದಲು, ಹಿಡಿಯದಂತೆ ತಂತಿ ಸುತ್ತಿದೆ. ಯಂತ್ರವನ್ನು ನಿನ್ನ ಕೈಗೆ ಕೊಡುವಾಗ ಹೇಳಲಿಲ್ಲ.

ನಿನ್ನ ಹಿತ್ತಲಲ್ಲಿ ತುದಿ ಕೊಂಬೆಗೆ ತಾಗಿತು, ಯಂತ್ರ ಹಿಂದಕ್ಕೆ ಎಗರಿತು. ತುದಿ ತಾಗುವುದು ಯಾರ ಕೈಯಲ್ಲಾದರೂ ಆಗುವಂಥದ್ದು. ಹಾಗೆ ಎಗರಿದಾಗ ಚೈನು ನಿಲ್ಲಲೆಂದೇ ಅಲ್ಲವೇ ಬ್ರೇಕ್ ಇರುವುದು. ಎಲ್ಲರೂ ನಿನ್ನನ್ನು ಆಟೋಗೆ ಹತ್ತಿಸಿ ಹೊರಟರು. ನಾನು ಹಿಂದೆ ಉಳಿದೆ — ತಂತಿ ಬಿಚ್ಚಲು. ನೀನು ಬದುಕುತ್ತೀಯೋ ಇಲ್ಲವೋ ಎಂದು ಆಗ ಯೋಚಿಸಲೂ ಇಲ್ಲ. ಥೂ, ಎಂಥ ಮನುಷ್ಯ ನಾನು.

ಆಸ್ಪತ್ರೆಯಲ್ಲಿ ನೀನೇ ನನ್ನನ್ನು ಸಮಾಧಾನ ಮಾಡಿದೆ.

“ನಂದೇ ತಪ್ಪು ಕಣಪ್ಪ. ನೀನ್ ಏಳ್ಕೊಟ್ಟಂಗೆ ಮಾಡ್ಲಿಲ್ಲ.”

“ಮಿಷಿನ್ ಸರಿಯಾಗೇ ಇತ್ತು ಮುನಿಯಣ್ಣ,” ಅಂದೆ. ನೀನು ಕೇಳಿರಲೇ ಇಲ್ಲ, ಆದರೂ ಅಂದೆ.

ಅಂದಿನಿಂದ ನಿನ್ನ ಹೆಂಡತಿ ರತ್ನಕ್ಕ ನಿನಗೆ ಲುಂಗಿ ಉಡಿಸುವಾಗಲೆಲ್ಲ, “ಗ್ಯಾನ ಇಟ್ಕಂಡು ಕುಯ್ದಿದ್ರೆ ಇಂಗಾಗ್ತಿತ್ತಾ?” ಅನ್ನುತ್ತಾಳೆ. ಗೋಡೆಯ ಈಚೆ ನನಗೆ ಕೇಳಿಸುತ್ತದೆ. ನಿನ್ನದೇ ಗ್ಯಾನ ತಪ್ಪಿತ್ತು ಎಂದು ನೀನೂ ನಂಬಿಬಿಟ್ಟಿದ್ದೀಯ. ಆ ನಂಬಿಕೆ ಕೊಟ್ಟವನು ನಾನು, ಮುನಿಯಣ್ಣ. ಕೈಗಿಂತ ದೊಡ್ಡದನ್ನು ಕಿತ್ತುಕೊಂಡಿದ್ದೇನೆ.

ನಾಳೆ ಬೆಳಿಗ್ಗೆ ಈ ಕಾಗದವನ್ನು ರತ್ನಕ್ಕನ ಎದುರಿಗೇ ನಿನಗೆ ಓದಿ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅಕ್ಕ ಇನ್ನು ಬೈಯುವುದಾದರೆ ನನ್ನನ್ನು ಬೈಯಲಿ. ಅದರಿಂದ ನಿನಗೆ ಏನೂ ವಾಪಸ್ಸು ಬರುವುದಿಲ್ಲ — ಗೊತ್ತು.